ಭಾನುವಾರದ ಎಸೆತಗಳು

ಈ ಆಟದ ಮೇಲೆ ನನಗೆ ಪ್ರೀತಿಯಿಲ್ಲ. ಮೊದಲೇ ಹೇಳಿಬಿಟ್ಟರೆ ಮುಂದೆ ಯಾರಿಗೂ ಗೊಂದಲವಿರುವುದಿಲ್ಲ. ಬೇಸ್‌ಬಾಲ್ ಎಂದರೆ ನನ್ನ ಪಾಲಿಗೆ ಮಡಚುವ ಕುರ್ಚಿ, ಬಿಸಿಲಿಗೆ ಹಚ್ಚುವ ಕ್ರೀಮು, ಐಸ್ ತುಂಬಿದ ಡಬ್ಬ, ಮತ್ತು ಮುಗಿಯದ ಹೆದ್ದಾರಿ. ಮಗನ ಕಾಲುಚೀಲ ಕೊಡವಿದರೆ ಮೈದಾನದ ಕೃತಕ ಹುಲ್ಲಿನ ರಬ್ಬರ್ ಚೂರುಗಳು ಕರಿ ಎಳ್ಳಿನಂತೆ ಉದುರುತ್ತವೆ. ಜೇಬಿನಲ್ಲಿ ಉಳಿದ ಸೂರ್ಯಕಾಂತಿ ಬೀಜದ ಸಿಪ್ಪೆಯಿಂದ ನಮ್ಮ ವಾಷಿಂಗ್ ಮಷೀನು ಎಷ್ಟು ಸಲ ಕಟ್ಟಿಕೊಂಡಿದೆಯೋ. ಬೇರೆ ತಾಯಂದಿರು ಇದನ್ನೆಲ್ಲ ಮುಂದೆ ನೆನಪಾಗುವ ಸಿಹಿ ಸಂಗತಿ ಎನ್ನುತ್ತಾರೆ. ನಾನು ಕಸ ಎನ್ನುತ್ತೇನೆ.

ಆಟ ನಡೆಯುವ ತಿಂಗಳುಗಳನ್ನಾದರೂ ಹೇಗೋ ತಳ್ಳಬಹುದು, ಆಟವಿಲ್ಲದ ತಿಂಗಳುಗಳು ಇನ್ನೂ ಸಾಕುಬೇಕು ಮಾಡುತ್ತವೆ. ಚಳಿಗಾಲದಲ್ಲಿ ದೊಡ್ಡ ತಂಡಗಳು ಮೈದಾನಕ್ಕೆ ಇಳಿಯುವುದಿಲ್ಲ, ಕೂತಲ್ಲೇ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಅದಕ್ಕೆ ಟ್ರೇಡ್ ಎಂದು ಹೆಸರು. ಒಬ್ಬನನ್ನು ಕೊಟ್ಟು ಇಬ್ಬರನ್ನು ತರುವುದು, ಇವತ್ತಿನವನನ್ನು ಕೊಟ್ಟು ನಾಳೆಯವನನ್ನು ಕೇಳುವುದು. ಬೆಳಿಗ್ಗೆ ಸ್ಯಾನ್ ಡಿಯಾಗೋದವನಾಗಿ ಎದ್ದವನು ಸಂಜೆಗೆ ದೇಶದ ಇನ್ನೊಂದು ತುದಿಯವನು. ಈ ಸುದ್ದಿಯನ್ನು ಮಗ ಫೋನಿನಲ್ಲಿ ಓದಿ ಅಪ್ಪನಿಗೆ ಹೇಳುತ್ತಾನೆ. ಅಪ್ಪ ಕೂಡಲೇ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ತಮ್ಮ ಭಾವನಿಗೆ ಫೋನು ಹಚ್ಚುತ್ತಾರೆ. ನಮ್ಮ ಮನೆಯವರು ಸ್ಯಾನ್ ಡಿಯಾಗೋ ತಂಡದ ಕಡೆ, ಅವರ ಅಕ್ಕನ ಗಂಡ ಲಾಸ್ ಏಂಜಲೀಸ್ ತಂಡದ ಕಡೆ. ಇಬ್ಬರೂ ಹುಟ್ಟಿದ್ದು ಉಡುಪಿಯ ಆಸುಪಾಸಿನಲ್ಲಿ. ಜಗಳ ಕೇಳಿದರೆ ಇವರ ಅಜ್ಜಂದಿರು ಈ ತಂಡಗಳಿಗೆ ಗದ್ದೆ ಬರೆದುಕೊಟ್ಟಿದ್ದರೇನೋ ಅನ್ನಿಸಬೇಕು.

ಅವರ ಮಾತಿನಲ್ಲಿ ನನ್ನ ಕಿವಿಗೆ ಚುಚ್ಚುತ್ತಿದ್ದದ್ದು ಒಂದೇ ಶಬ್ದ: ಮೊಣಕೈ. ಅವನಿಗೆ ಮೊಣಕೈ ಆಪರೇಷನ್ ಆಗಿದೆ, ಆದರೂ ತೆಗೆದುಕೊಂಡರು. ಇವನಿಗೆ ಎರಡನೇ ಸಲ ಆಗಬೇಕಂತೆ, ಅದಕ್ಕೇ ಕೈಬಿಟ್ಟರು. ಮೀಸೆ ನೆಟ್ಟಗೆ ಬಾರದ ಹುಡುಗರ ಕೀಲುಗಳ ಬಗ್ಗೆ ಇವರಿಬ್ಬರೂ ಹಳೆಯ ಕಾರು ನೋಡಲು ಹೋದವರಂತೆ ಮಾತಾಡುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಾ ಆ ಹುಡುಗರ ತಾಯಂದಿರ ಬಗ್ಗೆ ಯೋಚಿಸುತ್ತಿದ್ದೆ. ನನ್ನ ಮಗನೂ ಮುಂದೆ ಆ ಸಾಲಿನಲ್ಲಿ ನಿಲ್ಲಬಹುದು ಎಂಬ ಯೋಚನೆ ಮಾತ್ರ ಬಂದಿರಲಿಲ್ಲ. ಅವನಿನ್ನೂ ಎಂಟನೇ ಕ್ಲಾಸು.

ಇದೆಲ್ಲ ಶುರುವಾದದ್ದು ಕೊರೋನಾ ವರ್ಷದಲ್ಲಿ. ನಾವು ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ಶಾಲೆ ಮುಚ್ಚಿತ್ತು, ಪಾರ್ಕಿನ ಜೋಕಾಲಿಗೆ ಹಳದಿ ಪಟ್ಟಿ ಸುತ್ತಿದ್ದರು. ನಾನೂ ಇವರೂ ಊಟದ ಟೇಬಲ್ಲಿನ ಎರಡು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗು ಮಾಡುತ್ತಿದ್ದರೆ ಹುಡುಗ ಗೋಡೆಗೆ ಚೆಂಡು ಬಡಿಯುತ್ತಿದ್ದ. ಒಂದು ಸಂಜೆ ಇವರು ಅವನನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ ಕ್ರಿಕೆಟ್ ಬೌಲಿಂಗ್ ಕಲಿಸಲು ಹೋದರು. ಕೈ ನೆಟ್ಟಗಿರಬೇಕು, ಮೊಣಕೈ ಮಡಚಬಾರದು ಎಂದು ಎಷ್ಟು ಹೇಳಿದರೂ ಹುಡುಗ ಮಡಚುತ್ತಿದ್ದ. ಎದುರು ಮನೆಯ ಮುದುಕರು ಗಿಡಕ್ಕೆ ನೀರು ಬಿಡುತ್ತಾ ನೋಡಿ, ಹಾಗೆ ಮಡಚುವುದೇ ಸರಿ, ಆ ಕೈ ಬೇಸ್‌ಬಾಲಿಗೆ ಹೇಳಿ ಮಾಡಿಸಿದ್ದು ಎಂದರು. ಮಾರನೆಯ ದಿನ ತಮ್ಮ ಮೊಮ್ಮಗನ ಹಳೆಯ ಗ್ಲೌಸು ತಂದು ನಮ್ಮ ಬಾಗಿಲ ಮುಂದೆ ಇಟ್ಟು ಹೋದರು. ಅದನ್ನು ಅಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಆಟದಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಓಡಿ ಬಂದು ಹಾಕುವುದಿಲ್ಲ, ನಿಂತಲ್ಲಿಂದ ಮೈಯೆಲ್ಲ ತಿರುಚಿ ಎಸೆಯಬೇಕು. ಎಸೆಯುವ ಆ ಕ್ಷಣದಲ್ಲಿ ಮೊಣಕೈ ಒಳಬದಿಯ ಮೇಲೆ ಬೀಳುವ ಎಳೆತಕ್ಕೆ ದೊಡ್ಡವರ ಕೈಯೇ ತಡೆಯುವುದಿಲ್ಲ, ಬೆಳೆಯುವ ಮಕ್ಕಳದ್ದು ಕೇಳಬೇಕೆ. ಅದಕ್ಕೇ ಇಲ್ಲಿ ಮಕ್ಕಳ ಎಸೆತಗಳನ್ನು ಎಣಿಸುತ್ತಾರೆ. ಒಂದು ದಿನಕ್ಕೆ ಇಷ್ಟೇ, ಆಮೇಲೆ ಇಷ್ಟು ದಿನ ಚೆಂಡು ಮುಟ್ಟಬಾರದು ಎಂದು ನಿಯಮ.

ಮಗ ಮೊದಲು ಆಡುತ್ತಿದ್ದದ್ದು ನಮ್ಮ ಮನೆಯ ಹತ್ತಿರದ ಒಂದು ತಂಡದಲ್ಲಿ. ಅದರ ಕೋಚ್ ಬೇರೆ ರಾಜ್ಯಕ್ಕೆ ಹೊರಟುಹೋದ, ತಂಡ ಒಡೆಯಿತು. ಆ ಬೇಸಿಗೆಯಿಡೀ ಅಪ್ಪ ಅಮ್ಮಂದಿರು ಫೋನಿನ ಮೇಲೆ ಫೋನು ಮಾಡಿ ತಮ್ಮ ತಮ್ಮ ಮಕ್ಕಳಿಗೆ ಜಾಗ ಹುಡುಕಿದರು. ಡೈಮಂಡ್ ಬಾರ್ ಕಡೆಯ ಒಂದು ತಂಡಕ್ಕೆ ಪಿಚರ್ ಬೇಕಾಗಿದೆ ಎಂದು ಇವರ ಭಾವ ಪತ್ತೆ ಹಚ್ಚಿದರು. ಅವರ ಪ್ರಕಾರ ಅದೊಂದು ಟ್ರೇಡ್: ಸ್ಯಾನ್ ಡಿಯಾಗೋ ಒಬ್ಬ ಪಿಚರನ್ನು ಕೊಡುತ್ತದೆ, ಬದಲಿಗೆ ಲಾಸ್ ಏಂಜಲೀಸ್ ಕಡೆಯಿಂದ ಪ್ರತಿ ವಾರ ನೀರುದೋಸೆ. ಎಲ್ಲರೂ ನಕ್ಕರು. ವಾರಕ್ಕೊಮ್ಮೆ ಅಷ್ಟು ದೂರ ಡ್ರೈವ್ ಮಾಡುವವಳು ನಾನೊಬ್ಬಳೇ ನಗಲಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಹೊರಡಬೇಕು. ಎಸ್ಕಾಂಡಿಡೊ ದಾಟಿ, ಟೆಮೆಕ್ಯೂಲಾ ದಾಟಿ, ಕೊರೋನಾ ಎಂಬ ಊರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಲ್ಲಬೇಕು. ಆ ಊರಿನ ಹೆಸರು ನೋಡಿದಾಗಲೆಲ್ಲ ಇದು ಶುರುವಾದ ವರ್ಷ ನೆನಪಾಗುತ್ತಿತ್ತು. ಮಗ ಹಿಂದಿನ ಸೀಟಿನಲ್ಲಿ ನಿದ್ದೆ, ಇವರು ಪಕ್ಕದಲ್ಲಿ ರೇಡಿಯೋದ ಟ್ರೇಡ್ ಸುದ್ದಿ, ನಾನು ಸ್ಟೀರಿಂಗು. ವಾರವಿಡೀ ಕರ್ನಿ ಮೆಸಾದ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ಶನಿವಾರವೂ ಆಟದಲ್ಲಿ, ರಸ್ತೆಯಲ್ಲಿ, ಗಂಡನಲ್ಲಿ ತಪ್ಪು ಹುಡುಕುತ್ತಾ ಹೋಗುತ್ತಿದ್ದೆ. ಹುಡುಕಬೇಕಾದ ತಪ್ಪು ಬೇರೆ ಕಡೆ ಇತ್ತು.

ಹೊಸ ಕೋಚ್ ವಯಸ್ಸಾದವರು. ಚಿಕ್ಕಂದಿನಲ್ಲಿ ಎಸೆದೆಸೆದು ಅವರ ಬಲಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಕೈಕುಲುಕುವಾಗಲೂ ಸ್ವಲ್ಪ ಮಡಚಿಯೇ ಇರುತ್ತಿತ್ತು. ಎಡಗೈಯಲ್ಲಿ ಒತ್ತಿದರೆ ಎಣಿಸುವ ಪುಟ್ಟ ಯಂತ್ರವೊಂದನ್ನು ಹಿಡಿದು ಪ್ರತಿ ಎಸೆತಕ್ಕೂ ಟಿಕ್ ಎನ್ನಿಸುತ್ತಿದ್ದರು. ಲೆಕ್ಕ ಮುಗಿಯಿತೆಂದರೆ ಆಟ ಸೋಲುತ್ತಿರಲಿ, ಗೆಲ್ಲುತ್ತಿರಲಿ, ಕೈ ಎತ್ತಿ ಹುಡುಗನನ್ನು ಕರೆದುಬಿಡುತ್ತಿದ್ದರು. ಬೇಲಿಯ ಹಿಂದಿನಿಂದ ಬ್ಯಾಟು ಹಿಡಿದ ಇನ್ನೊಬ್ಬನಿಗೆ ಹಾಕಲಿ ಎಂದು ಅಪ್ಪಂದಿರು ಎಷ್ಟು ಗೋಗರೆದರೂ ತಿರುಗಿ ನೋಡುತ್ತಿರಲಿಲ್ಲ. ಆ ಇಡೀ ಮೈದಾನದಲ್ಲಿ ನನಗೆ ಹಿಡಿಸಿದ ಒಬ್ಬರೇ ಮನುಷ್ಯ ಅವರು.

ಆಟ ಮುಗಿದ ಮೇಲೆ ಇವರ ಅಕ್ಕನ ಮನೆಯಲ್ಲಿ ಊಟ. ಡೈಮಂಡ್ ಬಾರ್‌ನ ಏರಿನಲ್ಲಿ, ಕೆಳಗೆ ಹೆದ್ದಾರಿ ಕಾಣುವ ಮನೆ. ಮಗನ ಅತ್ತೆ ಒಲೆಯ ಮುಂದೆ ನಿಂತು ನೀರುದೋಸೆ ಹುಯ್ಯುತ್ತಿದ್ದರೆ ಅವನು ತಿನ್ನುತ್ತಿದ್ದ. ಅವನಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಾಯಿಂದ ಹೊರಡುವ ಕನ್ನಡ ಪದಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು, ಅದರಲ್ಲಿ ‘ಸಾಕು’ ಒಂದು. ಊಟದ ಮನೆಗಳಲ್ಲೇ ಕಲಿತದ್ದು.

ಸಾಕು ಎನ್ನುತ್ತಿದ್ದ. ಅತ್ತೆ, "ಒಂದು ಹಾಕ್ತೇನೆ ಮಗಾ, ಎಂತ ಆಗುದಿಲ್ಲ, ಬರೀ ನೀರಲ್ವಾ ಅದು" ಎಂದು ತಟ್ಟೆಗೆ ಜಾರಿಸಿಬಿಡುತ್ತಿದ್ದರು. ಅವನು ಮತ್ತೆ ಸಾಕು ಎಂದರೆ ಇನ್ನೊಂದು ಬರುತ್ತಿತ್ತು. ಕರಾವಳಿಯವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನನ್ನ ತವರು ಧಾರವಾಡದ ಕಡೆ. ನಮ್ಮಲ್ಲಿ ತಾಟಿಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ತುಪ್ಪ ಸುರಿಯುತ್ತಾರೆ. ಒಂದೇ ಸಲಕ್ಕೆ ಸಾಕು ಎಂಬುದನ್ನು ನಂಬಿಬಿಟ್ಟರೆ ಬಡಿಸಿದವರಿಗೆ ಮನಸ್ಸಿರಲಿಲ್ಲ ಎಂದು ಮಾತು ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಪ್ರೀತಿ ಇದ್ದಲ್ಲಿ ಹಾಗೇ. ಬೆಳಗಿನಿಂದ ಬಿಸಿಲಲ್ಲಿ ಒಣಗಿದ ನಾನೂ ಆ ಎರಡನೇ ಬಲವಂತಕ್ಕಾಗಿಯೇ ಮೊದಲನೇ ಸಲ ಬೇಡ ಎನ್ನುತ್ತಿದ್ದೆ.

ಶನಿವಾರ ಹೀಗೆ ಮುಗಿದರೆ ಭಾನುವಾರ ಬೇರೆಯ ಪಾರಾಯಣ. ಮೀರಾ ಮೆಸಾದ ಒಂದು ಪಾರ್ಕಿನಲ್ಲಿ ನಮ್ಮ ಕನ್ನಡದವರ ಟೆನಿಸ್ ಬಾಲ್ ಕ್ರಿಕೆಟ್. ಕೊರೋನಾ ಇಳಿದ ಮೇಲೆ ಶುರುವಾದದ್ದು, ಒಂದು ವಾರವೂ ತಪ್ಪುವುದಿಲ್ಲ. ಬೆಂಗಳೂರಿನವರು, ಹುಬ್ಬಳ್ಳಿಯವರು, ಮಂಗಳೂರಿನವರು, ಎಲ್ಲರೂ ನಡುವಯಸ್ಸು ದಾಟಿದವರು. ಹೆಂಗಸರು ಮರದ ಕೆಳಗೆ ಚುರುಮುರಿ, ಚಹಾ ಹಿಡಿದು ಕೂರುತ್ತೇವೆ. ವಾರದ ಐದು ದಿನ ಮ್ಯಾನೇಜರಿನ ಮುಂದೆ ತಲೆ ತಗ್ಗಿಸಿದ ಗಂಡಸರು ಅವತ್ತೊಂದು ದಿನ ಬಾಯಿ ತುಂಬ ಕನ್ನಡದಲ್ಲಿ ಬೈದಾಡಿಕೊಂಡು ಹಗುರಾಗುತ್ತಾರೆ. ನಮ್ಮ ಮನೆಯವರ ಮುಖದಲ್ಲಿ ನಿಜವಾದ ನಗು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಮಗ ಹೋಗುತ್ತಿದ್ದದ್ದು ಅಪ್ಪನ ಜೊತೆಗೆಂದು. ಅವನು ಬೌಲಿಂಗ್ ಮಾಡುತ್ತಿರಲಿಲ್ಲ, ಮೊಣಕೈ ಮಡಚುತ್ತದಲ್ಲ. ಬೌಂಡರಿ ಹತ್ತಿರ ನಿಲ್ಲಿಸುತ್ತಿದ್ದರು. ಅಂಕಲ್‌ಗಳಲ್ಲಿ ಒಬ್ಬರಿಗೆ ಭುಜ ಹಿಡಿದುಕೊಂಡಿದೆ, ಒಬ್ಬರಿಗೆ ಕತ್ತು ನೋವು, ಇನ್ನೊಬ್ಬರು ಕೀಬೋರ್ಡು ಒತ್ತಿ ಒತ್ತಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡವರು. ಚೆಂಡು ಯಾರ ಕೈಗೆ ಸಿಕ್ಕರೂ ಅವರು ಅದನ್ನು ಹುಡುಗನ ಕಡೆ ಉರುಳಿಸುತ್ತಿದ್ದರು. ಹುಡುಗ ಅಲ್ಲಿಂದ ಎಸೆದರೆ ಚೆಂಡು ನೆಲ ಮುಟ್ಟದೆ ಕೀಪರಿನ ಕೈಗೆ ಹೋಗಿ ಕೂರುತ್ತಿತ್ತು. ಅದನ್ನು ನೋಡುವುದೇ ಅವರಿಗೆ ಒಂದು ಹಬ್ಬ. ಆಟ ಮುಗಿದ ಮೇಲೂ ಒಂದೇ ಒಂದು ಸ್ಟಂಪ್ ನೆಟ್ಟು, ದೂರದಿಂದ ಬೀಳಿಸು ನೋಡೋಣ ಎನ್ನುತ್ತಿದ್ದರು. ಅವರ ಮಾತಿಗೆ ತಿರುಗಿ ಮಾತಾಡಲು ಹುಡುಗನ ಹತ್ತಿರ ಕನ್ನಡವಿರಲಿಲ್ಲ. ಎಸೆದು ತೋರಿಸುವುದೊಂದೇ ಅವನಿಗೆ ಬರುತ್ತಿದ್ದದ್ದು, ಅದನ್ನೇ ಮಾಡುತ್ತಿದ್ದ.

ಹೊಸ ತಂಡ ಸೇರಿದ ಮರುವರ್ಷ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡು ಎಂದು ನನ್ನ ಮುಂದೆ ಹಿಡಿದ. ನಾನು ಏನೋ ಗೊಣಗಿಕೊಂಡು ತೆಗೆದುಕೊಟ್ಟೆ. ಸಂಜೆ ಕಾರಿನ ಬಾಗಿಲನ್ನು ಎಡಗೈಯಿಂದ ಎಳೆದುಕೊಂಡ. ರಾತ್ರಿ ಊಟಕ್ಕೆ ರೊಟ್ಟಿ ಮುರಿಯಲು ಹೋಗಿ ಹಾಗೇ ಬಿಟ್ಟು ಬರೀ ಅನ್ನ ಹಾಕಿಸಿಕೊಂಡ. ಆಗ ನಾನು ಒಲೆ ಆರಿಸಿ ಬಂದು ಅವನ ಪಕ್ಕದಲ್ಲಿ ಕೂತೆ. ಮೊಣಕೈ ಒಳಬದಿ ಮುಟ್ಟಿದ ಕೂಡಲೇ ಅವನ ಕಣ್ಣಲ್ಲಿ ನೀರು ಬಂತು. ಏನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಸ್ಕ್ಯಾನ್ ನೋಡಿದ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮೊಣಕೈ ಎಲುಬಿನ ಇನ್ನೂ ಬೆಳೆಯುತ್ತಿರುವ ತುದಿ ಎಳೆತಕ್ಕೆ ಊದಿಕೊಂಡಿದೆ, ಅಲ್ಲಿ ಅಂಟಿಕೊಂಡ ಲಿಗಮೆಂಟು ಒಂದಿಷ್ಟು ಹರಿದಿದೆ. ಚಳಿಗಾಲ ಮುಗಿಯುವ ತನಕ ಒಂದೇ ಒಂದು ಎಸೆತವೂ ಇಲ್ಲ. ಕೂಡಿಕೊಂಡರೆ ಸರಿ, ಇಲ್ಲದಿದ್ದರೆ ಆಪರೇಷನ್ ಬಗ್ಗೆ ಮಾತಾಡಬೇಕಾಗುತ್ತದೆ. ಮತ್ತೆ ಪಿಚರ್ ಆಗುವುದು ಆಮೇಲಿನ ಮಾತು. ಹುಡುಗ ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡುತ್ತಾ ಕೂತಿದ್ದ. ಅವನ ಕಾಲು ಇನ್ನೂ ಆ ಎತ್ತರದ ಕುರ್ಚಿಯಿಂದ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ.

ಡಾಕ್ಟರು ಕೇಳಿದರು: ಶನಿವಾರದ ಆಟ ಬಿಟ್ಟು ಬೇರೆಲ್ಲಾದರೂ ಎಸೆಯುತ್ತಾನೆಯೇ? ಇವರು ಇಲ್ಲ ಎಂದರು. ನಾನೂ ಇಲ್ಲ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹುಡುಗ ಏನೂ ಹೇಳಲಿಲ್ಲ.

ಇವರಿಗೆ ಕೋಚ್ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಎಣಿಸುವುದೆಲ್ಲ ಬರೀ ನಾಟಕ, ಪ್ರಾಕ್ಟೀಸಿನಲ್ಲಿ ಲೆಕ್ಕವಿಲ್ಲದೆ ಎಸೆಸಿ ಹುಡುಗನ ಕೈ ಹಾಳು ಮಾಡಿದ್ದಾರೆ ಎಂದು ಕಂಡಕಂಡವರ ಹತ್ತಿರ ಹೇಳಿದರು. ತಂಡದ ಬೇರೆ ಅಪ್ಪಂದಿರಿಗೂ ಫೋನು ಹೋಯಿತು. ಅವರೂ ತಮ್ಮ ಮಕ್ಕಳ ಕೈ ಒತ್ತಿ ನೋಡಿಕೊಂಡರು, ಅನುಮಾನ ಹಬ್ಬಿತು. ತಂಡ ಬದಲಿಸೋಣ, ಆರೆಂಜ್ ಕೌಂಟಿಯಲ್ಲಿ ಇನ್ನೊಂದು ಇದೆಯಂತೆ ಎಂದು ಭಾವನೂ ಸೇರಿಕೊಂಡರು. ಕೈ ಕೂಡುವ ಮೊದಲೇ ಹುಡುಗನಿಗೆ ಮತ್ತೊಂದು ಟ್ರೇಡ್. ಕೋಚ್ ಫೋನು ಮಾಡಿ, ತನ್ನ ಲೆಕ್ಕವನ್ನೆಲ್ಲ ಮತ್ತೆ ಮತ್ತೆ ನೋಡಿದೆ, ಎಲ್ಲಿ ತಪ್ಪಿದ್ದೇನೋ ತಿಳಿಯುತ್ತಿಲ್ಲ ಎಂದು ನನ್ನ ಹತ್ತಿರ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಯಾರನ್ನು ನಂಬಬೇಕೋ ತೋಚಲಿಲ್ಲ. ಯೋಚಿಸಲು ಮೈಯಲ್ಲಿ ಶಕ್ತಿಯೂ ಇರಲಿಲ್ಲ.

ಅದಾದ ಮೇಲೆ ಬಂದ ಭಾನುವಾರ ಮಗ ಮರದ ಕೆಳಗೆ ನನ್ನ ಪಕ್ಕದಲ್ಲಿ ಕೂತು ಆಟ ನೋಡುತ್ತಿದ್ದ. ಕೈಗೆ ಪಟ್ಟಿ ಇತ್ತು. ಮೈದಾನದಲ್ಲಿ ಅವತ್ತು ನೋಡುವ ಹಾಗಿರಲಿಲ್ಲ. ಬೌಂಡರಿಯ ಹತ್ತಿರ ಚೆಂಡು ಹಿಡಿದ ಅಂಕಲ್ ಅದನ್ನು ಅರ್ಧ ದೂರಕ್ಕೆ ಎಸೆದರು. ಅಲ್ಲಿಂದ ಇನ್ನೊಬ್ಬರು ಹೆಕ್ಕಿ ಕಾಲುಭಾಗಕ್ಕೆ ಮುಟ್ಟಿಸಿದರು. ಅಷ್ಟರಲ್ಲಿ ಬ್ಯಾಟು ಹಿಡಿದವರು ಏದುಸಿರು ಬಿಡುತ್ತಲೇ ಬೇಕಾದಷ್ಟು ಸಲ ಓಡಿ ನಿಂತಿದ್ದರು. ಹೀಗೆ ಮತ್ತೆ ಮತ್ತೆ ಆಯಿತು. ಚಹಾಕ್ಕೆಂದು ಬಂದ ಬೆಂಗಳೂರಿನ ಅಂಕಲ್ ಒಬ್ಬರು ಭುಜ ತಿಕ್ಕಿಕೊಳ್ಳುತ್ತಾ ಲೋಟ ತೆಗೆದುಕೊಂಡರು.

"ನಿಮ್ಮ ಮಗ ಇಲ್ದೆ ನಮ್ಗೆ ಕೈಯೇ ಇಲ್ದಂಗಾಗಿದೆ ನೋಡಿ" ಎಂದರು. "ಇಷ್ಟ್ ದಿನ ನಮ್ಮೆಲ್ರ ಥ್ರೋನೂ ಇವನೊಬ್ಬನೇ ಹಾಕ್ತಿದ್ದ."

ಮನುಷ್ಯ ಒಳ್ಳೆಯವರು, ಪ್ರೀತಿಯಿಂದಲೇ ಹೇಳಿದ್ದು. ಹುಡುಗನ ತಲೆ ನೇವರಿಸಿ ಹೋದರು. ನಾನು ಚಹಾದ ಫ್ಲಾಸ್ಕಿನ ಮುಚ್ಚಳ ಹಿಡಿದವಳು ಹಾಗೇ ಕೂತುಬಿಟ್ಟೆ. ಹನ್ನೊಂದು ಜನರ ಎಸೆತ, ಪ್ರತಿ ಭಾನುವಾರ, ಶನಿವಾರ ಪಿಚ್ ಮಾಡಿ ಇನ್ನೂ ಆರದ ಕೈಯಿಂದ. ಕೋಚ್ ಚೆಂಡು ಮುಟ್ಟಬೇಡ ಎಂದ ದಿನವೇ. ನಾವು ಯಾರೂ ಅದನ್ನು ಬಚ್ಚಿಟ್ಟಿರಲಿಲ್ಲ. ಆದರೆ ಅದು ಕ್ರಿಕೆಟ್ಟು, ನಮ್ಮದು, ಭಾನುವಾರದ ಕಾಲಹರಣ. ಅದರಿಂದ ಯಾರಿಗಾದರೂ ನೋವಾಗುತ್ತದೆ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನೆನಪಾಯಿತು. ಬೇಸಿಗೆಯ ಕೊನೆಯ ಒಂದು ಭಾನುವಾರ, ಸ್ಟಂಪ್ ಬೀಳಿಸುವ ಆಟ ನಡೆದಿತ್ತು. ಹುಡುಗ ಎಸೆದೆಸೆದು ಕೊನೆಗೆ ಕೈ ಜಾಡಿಸಿಕೊಂಡು, "ಅಪ್ಪಾ, ಸಾಕು" ಎಂದಿದ್ದ. ಕನ್ನಡದಲ್ಲಿ. ಎಲ್ಲರಿಗೂ ಕೇಳುವ ಹಾಗೆ. ಮೈದಾನದ ತುಂಬ ಚಪ್ಪಾಳೆ ಬಿತ್ತು. ಹುಡುಗ ಕನ್ನಡ ಮಾತಾಡಿದ ಎಂದು ಸಂಭ್ರಮವೋ ಸಂಭ್ರಮ. ಒಬ್ಬರು ಬಂದು ಬೆನ್ನು ತಟ್ಟಿದರು, ಇನ್ನೊಬ್ಬರು ಇನ್ನೊಮ್ಮೆ ಹೇಳು ಎಂದರು. ಇವರಂತೂ ಹಿಗ್ಗಿ ಹೀರೇಕಾಯಿಯಾಗಿ, "ಒಂದು ಹಾಕು ಮಾರಾಯ, ಲಾಸ್ಟ್" ಎಂದರು. ಅವನು ಹಾಕಿದ. ಆಮೇಲೆ ಇನ್ನೊಂದು ಲಾಸ್ಟ್ ಬಂತು. ನಾನು ಮರದ ಕೆಳಗಿನಿಂದ ನಗುತ್ತಾ ನೋಡುತ್ತಿದ್ದೆ.

ಮನೆಗೆ ಹೋಗುವಾಗ ಕಾರಿನಲ್ಲಿ ಇವರು ಮತ್ತೆ ಕೋಚ್ ವಿಷಯ ತೆಗೆದರು. ಕಂಪ್ಲೇಂಟ್ ಕೊಡದೆ ಬಿಡುವುದಿಲ್ಲ, ಬೇರೆ ಮಕ್ಕಳಿಗೂ ಹೀಗಾಗಬಾರದಲ್ಲ ಎಂದರು. ನಾನು ಪಾರ್ಕಿಂಗಿನಿಂದ ಹೊರಗೆ ಬರುವ ತನಕ ತಡೆದುಕೊಂಡೆ, ಆಮೇಲೆ ಅಂಕಲ್ ಹೇಳಿದ್ದನ್ನು ಹೇಳಿದೆ. ಇವರು ಮೊದಲು ಒಪ್ಪಲಿಲ್ಲ. ಟೆನಿಸ್ ಬಾಲಿಗೆ ಭಾರವೇ ಇಲ್ಲ, ಅದರಿಂದೆಲ್ಲ ಏನಾಗುತ್ತದೆ ಎಂದರು. ಸಿಗ್ನಲ್ಲಿನಲ್ಲಿ ನಿಂತಾಗ ಕಿಟಕಿಯ ಕಡೆ ನೋಡುತ್ತಾ, "ಕೈ ನೋವಾಗ್ತದೆ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಅವ" ಎಂದರು.

"ಹೇಳಿದ್ದ ರೀ" ಎಂದೆ. "ಸಾಕು ಅಂತ ಹೇಳಿದ್ದ. ಕನ್ನಡದಾಗ ಹೇಳಿದ್ದ. ನಾವು ಚಪ್ಪಾಳಿ ಹೊಡದ್ವಿ."

ಹಿಂದಿನ ಸೀಟಿನಲ್ಲಿ ಹುಡುಗ ಕಿವಿಯಿಂದ ಇಯರ್‌ಫೋನು ತೆಗೆದದ್ದು ಕನ್ನಡಿಯಲ್ಲಿ ಕಾಣಿಸಿತು. ಇವರು ತಿರುಗಿ, ಡಾಕ್ಟರು ಕೇಳಿದಾಗ ಭಾನುವಾರದ್ದು ಯಾಕೆ ಹೇಳಲಿಲ್ಲ ಎಂದು ಕೇಳಿದರು. ಬೈದು ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದು. ಹುಡುಗ ತನ್ನ ಇಂಗ್ಲಿಷಿನಲ್ಲಿ, ಅದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ, ನೀವು ಯಾರೂ ಎಣಿಸುತ್ತಿರಲಿಲ್ಲವಲ್ಲ ಎಂದ. ಇವರು ಮುಂದಕ್ಕೆ ತಿರುಗಿ ಕೂತರು. ನನಗೆ ಆ ಕ್ಷಣ ಗಂಡನ ಮೇಲೆ ಸಿಟ್ಟೂ ಬರಲಿಲ್ಲ. ಸುಸ್ತಾಗಿ ಹೋಗಿತ್ತು. ಕಾರನ್ನು ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸಿ ಅಳಬೇಕು ಅನ್ನಿಸಿತು. ಹಿಂದಿನವರು ಹಾರ್ನ್ ಮಾಡಿದರು, ಮುಂದೆ ಹೋದೆ.

ಮುಂದಿನ ಶನಿವಾರ ಹುಡುಗನಿಗೆ ಆಟವಿಲ್ಲದಿದ್ದರೂ ಇವರು ಬೆಳಿಗ್ಗೆ ಎದ್ದು ತಯಾರಾದರು. ಡ್ರೈವ್ ನಾನು ಮಾಡುತ್ತೇನೆ ಎಂದು ತಾವೇ ಕೀಲಿ ತೆಗೆದುಕೊಂಡರು. ಮೈದಾನದಲ್ಲಿ ಕೋಚ್ ಬ್ಯಾಟುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ನಾನು ಬೇಲಿಯ ಹತ್ತಿರವೇ ನಿಂತೆ. ಇವರು ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ್ದು, ಕೈಯಾಡಿಸಿ ಕ್ರಿಕೆಟ್ ಮೈದಾನದ ಅಳತೆ ತೋರಿಸಿದ್ದು ದೂರದಿಂದ ಕಂಡಿತು. ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರು ಕೂಗಾಡಿದ್ದರೆ ಇವರಿಗೆ ಹಗುರವಾಗುತ್ತಿತ್ತೇನೋ. ಅವರು ಮಡಚಿದ ಬಲಗೈಯನ್ನೇ ಇವರ ಭುಜದ ಮೇಲಿಟ್ಟು, ಇನ್ನು ಮೇಲೆ ನಿಮ್ಮ ಭಾನುವಾರಗಳ ಲೆಕ್ಕವೂ ನನಗೆ ಬೇಕು ಎಂದರಂತೆ. ಇವರು ಅಲ್ಲೇ ನಿಂತು, ಬಂದ ಪ್ರತಿಯೊಬ್ಬ ಅಪ್ಪನಿಗೂ ತಮ್ಮದೇ ತಪ್ಪು ಎಂದು ಹೇಳಿ ಬಂದರು. ತಂಡ ಬದಲಿಸುವ ಮಾತು ಅಲ್ಲಿಗೆ ಬಿತ್ತು. ವಾಪಸು ಬರುವಾಗ ಕೊರೋನಾ ದಾಟುವ ತನಕ ರೇಡಿಯೋ ಹಚ್ಚಲಿಲ್ಲ.

ಆಮೇಲೆ ಉದ್ದನೆಯ ಚಳಿಗಾಲ. ಸ್ಯಾನ್ ಡಿಯಾಗೋದಲ್ಲಿ ಚಳಿಗಾಲ ಎಂದರೆ ಬೆಳಿಗ್ಗೆ ಒಂದು ಸ್ವೆಟರು, ಅಷ್ಟೇ, ಆದರೆ ಆ ವರ್ಷದ್ದು ಮುಗಿಯಲೇ ಇಲ್ಲ. ಹುಡುಗ ಟ್ರೇಡ್ ಸುದ್ದಿ ಓದುತ್ತಿದ್ದ, ಅಪ್ಪನಿಗೆ ಹೇಳುತ್ತಿದ್ದ, ಭಾವನಿಗೆ ಫೋನು ಹೋಗುತ್ತಿತ್ತು. ಹಿಂದಿನ ಆರ್ಭಟ ಇರಲಿಲ್ಲ. ಒಂದು ಸಂಜೆ, ಮೊಣಕೈಗೆ ಹೊಲಿಗೆ ಬಿದ್ದ ಒಬ್ಬ ಹುಡುಗ ಪಿಚರನ್ನು ಅವನ ತಂಡ ದೂರದೂರಿಗೆ ಕೊಟ್ಟುಬಿಟ್ಟಿತೆಂದು ಸುದ್ದಿ ಬಂತು. ಯಾರು ಗೆದ್ದರು, ಯಾರು ಮೋಸಹೋದರು ಎಂದು ಇವರು ಕೇಳಲಿಲ್ಲ. ಅವನ ಕೈ ಈಗ ಹೇಗಿದೆಯಂತೆ ಎಂದು ಮಗನನ್ನು ಕೇಳಿದರು. ಅದು ಬರೆದಿಲ್ಲ ಎಂದು ಮಗ ಹೇಳಿದ.

ಭಾನುವಾರದ ಕ್ರಿಕೆಟ್ ನಿಲ್ಲಲಿಲ್ಲ, ನಿಲ್ಲಬೇಕೆಂದು ನಾನೂ ಬಯಸಲಿಲ್ಲ. ಹುಡುಗ ಅಂಪೈರ್ ಆದ. ಅಂಕಲ್‌ಗಳು ತಮ್ಮ ತಮ್ಮ ಚೆಂಡನ್ನು ತಾವೇ ಎಸೆದು, ಸಂಜೆ ಮನೆಗೆ ಹೋಗಿ ನೋವಿನ ಮುಲಾಮು ಹಚ್ಚಿಕೊಂಡರು. ಡೈಮಂಡ್ ಬಾರ್‌ನಲ್ಲಿ ಅತ್ತೆ ಮಾತ್ರ ಬದಲಾಗಲಿಲ್ಲ. ವಿಷಯ ಎಲ್ಲ ಕೇಳಿ, ಕಣ್ಣೊರೆಸಿಕೊಂಡು, ಹುಡುಗನ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಮಾರ್ಚಿನಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಕೂಡಿಕೊಂಡಿದೆ, ಆದರೆ ಮೊದಲಿನಂತೆ ಆಗುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ತೀರಾ ಹತ್ತಿರದಿಂದ, ಮೆಲ್ಲಗೆ, ಕೆಲವೇ ಎಸೆತ. ನೋವು ಅಂತಲ್ಲ, ದಣಿವು ಅನ್ನಿಸಿದರೂ ನಿಲ್ಲಿಸಬೇಕು. ಅದು ಅವನಿಗೆ ಮಾತ್ರ ಗೊತ್ತಾಗುತ್ತದೆ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಮ್ಮಿಬ್ಬರ ಮುಖ ನೋಡಿ ಹೇಳಿದರು.

ಅವತ್ತು ಸಂಜೆ ಇವರು ಗ್ಲೌಸು ಒರೆಸಿಕೊಂಡು ಹಿತ್ತಲಲ್ಲಿ ನಿಂತಿದ್ದರು. ಮಗ ಬಂದವನು, ಅಮ್ಮ ಹಿಡಿಯಲಿ ಎಂದ. ಇವರು ಗ್ಲೌಸನ್ನು ನನ್ನ ಕೈಗೆ ತೊಡಿಸಿ ಮೆಟ್ಟಿಲ ಮೇಲೆ ಹೋಗಿ ಕೂತರು. ನಾನು ಆಫೀಸಿನಿಂದ ಆಗ ತಾನೇ ಬಂದಿದ್ದೆ, ಕಾಲು ಎಳೆಯುತ್ತಿತ್ತು, ಒಳಗೆ ಕುಕ್ಕರು ಇಡಬೇಕಿತ್ತು. ಇಷ್ಟು ವರ್ಷ ಕುರ್ಚಿ ಹೊತ್ತವಳು ಒಂದು ಸಲವೂ ಚೆಂಡು ಹಿಡಿದವಳಲ್ಲ.

ಮೊದಲನೆಯದು ಗ್ಲೌಸಿಗೆ ತಾಗಿ ಕೆಳಗೆ ಬಿತ್ತು, ಎರಡನೆಯದೂ. ಹುಡುಗ ಕೈ ಹೇಗೆ ತೆರೆದಿಡಬೇಕೆಂದು ತೋರಿಸಿಕೊಟ್ಟ. ಮತ್ತೆ ಬಿತ್ತು. ಅವನ ಮುಖದಲ್ಲಿ ನೋವು ಇದೆಯೋ ಎಂದು ನಾನು ಚೆಂಡು ಬಿಟ್ಟು ಅವನನ್ನೇ ನೋಡುತ್ತಿದ್ದೆ, ಅದಕ್ಕೇ ಬೀಳುತ್ತಿತ್ತು. ಚೆಂಡು ನೋಡು ಎಂದ. ನೋಡಿದೆ. ಅದು ಬಂದು ಗ್ಲೌಸಿನ ನಡುವೆ ಕೂತಿತು, ಚರ್ಮದ ಒಳಗೆ ಟಪ್ ಎಂದಿತು. ಮೈಯೆಲ್ಲ ಜುಮ್ಮೆಂದಿತು. ಈ ಜನ ಯಾಕೆ ಇಷ್ಟಕ್ಕೆ ಹುಚ್ಚಾಗುತ್ತಾರೆಂದು ಆ ಒಂದು ಕ್ಷಣ ನನಗೆ ಅರ್ಥವಾಯಿತು.

"ಅಮ್ಮಾ, ಸಾಕು" ಎಂದ ಮಗ.

ಇನ್ನೊಂದು ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ಮೆಟ್ಟಿಲ ಮೇಲೆ ಇವರು ನನ್ನ ಬಾಯನ್ನೇ ನೋಡುತ್ತಿದ್ದರು. ಮಾತು ನುಂಗಿಕೊಂಡೆ. ಚೆಂಡನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಕುಕ್ಕರು ಇಡಲು ಒಳಗೆ ಹೋದೆ.